ಭಾವನ ವ್ಯಾನು, ಅಮ್ಮನ ಗಂಟುಮೂಟೆ

ನಮ್ಮ ಭಾವ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು ಕ್ಯಾಂಪರ್ ವ್ಯಾನ್, ಅಂದರೆ ಪ್ರವಾಸದಲ್ಲಿ ಒಳಗೇ ಉಂಡು ಮಲಗುವಂಥ ಗಾಡಿ, ಮಾಡಿಸ್ತೀನಿ ಅಂದಾಗ ಅಕ್ಕ ಕೇಳಿದ್ದು ಒಂದೇ ಮಾತು. "ರೀ, ಅದ್ರಲ್ಲಿ ಸಾಮಾನು ಇಡೋಕೆ ಜಾಗ ಇರುತ್ತಾ?" ಅಲ್ಲಿಗೆ ಹಾಸಿಗೆ ಎಷ್ಟು ಮೆತ್ತಗಿರಬೇಕು, ಫ್ಯಾನು ಎಲ್ಲಿ ತಿರುಗಬೇಕು ಅನ್ನೋ ಚರ್ಚೆಯೆಲ್ಲ ಮುಗೀತು. ಭಾವನ ತಲೆಯಲ್ಲಿ ಉಳಿದದ್ದು ಜಾಗ, ಜಾಗ, ಜಾಗ.

ವಾಹನದ ಒಡಲನ್ನು ಮನಸ್ಸಿಗೆ ಬಂದಂತೆ ಕೊಯ್ಯುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಂತ ಒಂದಿದೆ. ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬರೆಸಬೇಕು. ಆ ಓಡಾಟದಲ್ಲಿ ಭಾವನ ಚಪ್ಪಲಿ ಸವೆದ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು. ಕೇಳೋಕೆ ಹೊರಟರೆ ಎರಡು ಕಾಫಿಯಾದರೂ ಖರ್ಚು.

ಕೆಲಸಕ್ಕೆ ಬಂದ ಬಡಗಿ ಒಳ್ಳೆಯ ಕೈಗಾರ. ಜೀವಮಾನವಿಡೀ ಮನೆಗಳಿಗೆ ವಾರ್ಡ್‌ರೋಬ್ ಮಾಡಿಕೊಟ್ಟವರು. ಗೋಡೆ ಅಂದರೆ ನೆಟ್ಟಗಿರುತ್ತೆ, ನೆಲ ಅಂದರೆ ಮಟ್ಟಸವಾಗಿರುತ್ತೆ ಅಂತ ನಂಬಿದವರು. ವ್ಯಾನಿನ ಗೋಡೆಯೋ, ಮೇಲೆ ಹೋದಂತೆಲ್ಲ ಒಳಕ್ಕೆ ಬಾಗುತ್ತದೆ. ಅದೂ ಸಾಲದೆ ವ್ಯಾನು ನಿಂತಿದ್ದು ಅಕ್ಕನ ಮನೆ ಮುಂದಿನ ಇಳಿಜಾರಿನಲ್ಲಿ. ಅವರು ರಸಮಟ್ಟ ಇಟ್ಟು, ಗುಳ್ಳೆ ನಟ್ಟನಡುವೆ ಬರುವ ತನಕ ಬಿಡದೆ, ಕಪಾಟು ಕೂರಿಸಿದರು. ಭೂಮಿಯ ಲೆಕ್ಕಕ್ಕೆ ಕಪಾಟು ಮಟ್ಟಸ, ವ್ಯಾನಿನ ಲೆಕ್ಕಕ್ಕೆ ವಾರೆ. ಇಳಿಜಾರಿನಲ್ಲಿ ನಿಂತಿರುವ ತನಕ ಯಾರಿಗೂ ಅನುಮಾನ ಬರಲಿಲ್ಲ. ಸಮತಟ್ಟಾದ ಹೆದ್ದಾರಿ ಸಿಕ್ಕಿದ್ದೇ ತಡ, ತಟ್ಟೆ ಲೋಟಗಳೆಲ್ಲ ಸರಸರನೆ ಒಂದು ಮೂಲೆಗೆ ಹೋಗಿ ಸಭೆ ಸೇರಿದವು. ಅಳತೆಯನ್ನು ವ್ಯಾನಿನ ನೆಲದಿಂದ ಹಿಡೀಬೇಕು, ಭೂಮಿಯಿಂದಲ್ಲ ಅನ್ನೋ ಜ್ಞಾನೋದಯ ಭಾವನಿಗೆ ಆದದ್ದು ನೆಲಮಂಗಲ ದಾಟಿದ ಮೇಲೆ.

ಜಾಗ ಉಳಿಸುವ ಪೆಟ್ಟಿಗೆಗಳೇ ಜಾಗ ತಿನ್ನುತ್ತವೆ ಅನ್ನೋದು ಇನ್ನೊಂದು ತಮಾಷೆ. 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಗೂಡು ಮಾಡಿದರೆ ಎರಡು ಪಕ್ಕದ ಹಲಗೆಗಳಿಗೇ ಸುಮಾರು ಒಂದೂವರೆ ಇಂಚು ಹೋಯಿತು. ಎಂಟು ಅಡಿಗೆ ನಾಲ್ಕು ಅಡಿಯ ಅಂಥ ಒಂದು ಹಾಳೆ 30 ಕೆಜಿ ಆಸುಪಾಸು ತೂಗುತ್ತದೆ. ಒಂದು ಸೌಟೂ ಇಡುವ ಮೊದಲೇ ವ್ಯಾನು ಹೊರಲಾರದಷ್ಟು ಹೊತ್ತಿತ್ತು. ಕೊನೆಗೆ ಅರ್ಧ ಕೆಲಸ ಬಿಚ್ಚಿ, 12 ಮಿಲಿಮೀಟರ್‌ಗೆ ಇಳಿದರು. ಬಾಗಿದ ಗೋಡೆಗೂ ನೆಟ್ಟಗಿನ ಕಪಾಟಿಗೂ ನಡುವೆ ಉಳಿದ ಮುಕ್ಕೋನೆಯ ಸಂದಿ ಮಾತ್ರ ಹಾಗೇ ಉಳೀತು. ಅದರೊಳಗೆ ಅಕ್ಕನ ಒಂದು ಓಲೆ, ನನ್ನ ಚಾರ್ಜರ್ರು, ಅಪ್ಪನ ನಶ್ಯದ ಡಬ್ಬಿ ಬಿದ್ದಿವೆ. ಬ್ರೇಕ್ ಹಾಕಿದಾಗಲೆಲ್ಲ ಡಬ್ಬಿ ಸದ್ದು ಮಾಡುತ್ತದೆ, ಅಪ್ಪ ನಿಟ್ಟುಸಿರು ಬಿಡುತ್ತಾರೆ.

ಹಿಂದಿನ ಚಕ್ರದ ಮೇಲೆ ಒಳಗೆ ಒಂದು ಉಬ್ಬು ಇರುತ್ತದಲ್ಲ, ಅದರ ಸುತ್ತ ಕೂಡ ಭಾವ ಗೂಡು ಮಾಡಿಸಿದ್ದರು. ಅದು ಚೌಕವೂ ಅಲ್ಲ, ದುಂಡೂ ಅಲ್ಲ. ಚಪ್ಪಲಿ ಇಟ್ಟರೆ ಬಾಗಿಲು ಮುಚ್ಚದು, ಪುಸ್ತಕ ಇಟ್ಟರೆ ಅರ್ಧ ಜಾಗ ವ್ಯರ್ಥ. ಅಮ್ಮ ಬಗ್ಗಿ ನೋಡಿದರು, ಒಳಗೆ ಹೋಗಿ ತೆಂಗಿನಕಾಯಿ ತಂದರು, ಸಾಲಾಗಿ ತುಂಬಿಸಿದರು. ಒಂದೊಂದೂ ಆ ಉಬ್ಬಿಗೆ ಒರಗಿ ಅಲುಗಾಡದೆ ಕೂತಿತು. ಭಾವ ಟೇಪು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

ಆವತ್ತಿನಿಂದ ವ್ಯಾನಿನಲ್ಲಿ ಎರಡು ಆಡಳಿತ. ಭಾವನದು ಎಕ್ಸೆಲ್ ಹಾಳೆ: ಎ1ರಲ್ಲಿ ಟಾರ್ಚು, ಬಿ3ರಲ್ಲಿ ಟವೆಲ್ಲು, ಪ್ರತಿ ಬಾಗಿಲಿಗೂ ಚೀಟಿ, ಹಾಳೆಯ ಪ್ರತಿ ಫ್ಯಾಮಿಲಿ ವಾಟ್ಸಾಪ್ ಗುಂಪಿಗೆ. ಅಮ್ಮನದು ಬಾಯಿಲೆಕ್ಕ: "ಆ ಹಳದಿ ಚೀಲದ ಕೆಳಗೆ ಕುಕ್ಕರ್, ಕುಕ್ಕರ್ ಒಳಗೆ ಅಕ್ಕಿ ಡಬ್ಬಿ, ಡಬ್ಬಿ ಮೇಲೆ ಕಟ್ಟಿರೋ ಬಟ್ಟೇಲಿ ಹುಣಸೆಹಣ್ಣು." ಬಿ3 ತೆರೆದರೆ ಟವೆಲ್ಲು ಸಿಕ್ಕಿದ್ದು ನನಗೆ ನೆನಪಿಲ್ಲ. ಹಪ್ಪಳ ಸಿಗುತ್ತಿತ್ತು.

ಭಾವ ಸೋಲೊಪ್ಪದೆ ಚರಿತ್ರೆಗೆ ಹೋದರು. "ಅತ್ತೆ, ಜರ್ಮನಿಯಲ್ಲಿ ವೆಸ್ಟ್‌ಫಾಲಿಯಾ ಅನ್ನೋ ಕಂಪನಿ 1951ರಲ್ಲೇ ಫೋಕ್ಸ್‌ವ್ಯಾಗನ್ ವ್ಯಾನಿಗೆ ಕ್ಯಾಂಪಿಂಗ್ ಬಾಕ್ಸ್ ಅಂತ ಮಾಡಿತ್ತು. ವಾರವೆಲ್ಲ ವ್ಯಾಪಾರದ ಗಾಡಿ, ರಜೆ ಬಂದರೆ ಆ ಪೆಟ್ಟಿಗೆ ಒಳಗಿಟ್ಟರೆ ಮನೆ. ಎಲ್ಲ ಅದರಲ್ಲೇ ಹಿಡಿಸ್ತಿತ್ತು."

ಅಮ್ಮ ಪೂರ್ತಿ ಕೇಳಿಸಿಕೊಂಡು, "ಅವರು ಒಗ್ಗರಣೆ ಡಬ್ಬಿ ಎಲ್ಲಿಡ್ತಿದ್ರಂತೆ ಅಳಿಯಂದ್ರೇ?" ಅಂದರು. ಜರ್ಮನಿಯ ಪ್ರಸ್ತಾಪ ಮತ್ತೆ ಬರಲಿಲ್ಲ.

ಬಟ್ಟೆಗೆ ಭಾವ ಆನ್‌ಲೈನಿನಲ್ಲಿ ಗಾಳಿ ಎಳೆಯುವ ಪ್ಲಾಸ್ಟಿಕ್ ಚೀಲ ತರಿಸಿದ್ದರು. ನಾಲ್ಕು ಕಂಬಳಿ ತುರುಕಿ ಪಂಪು ಒತ್ತಿದರೆ ಒಣಗಿದ ಹಲಸಿನ ಹಪ್ಪಳದಷ್ಟು ತೆಳ್ಳಗಾಗುತ್ತಿತ್ತು, ನಿಜ. ಆದರೆ ಅದರ ಜಿಪ್ಪಿನ ಎಲ್ಲೋ ಒಂದು ಕಡೆ ಸಣ್ಣ ತೂತಿತ್ತು. ಹಾಸನದಲ್ಲಿ ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಚೀಲ ನಿಧಾನಕ್ಕೆ ಉಸಿರೆಳೆದುಕೊಂಡು, ಕಪಾಟಿನ ಬಾಗಿಲನ್ನು ತಾನೇ ತೆರೆದು, ಅರ್ಧ ದೇಹ ಹೊರಹಾಕಿ ಕೂತಿತ್ತು. ಅಪ್ಪ ಯಾರೋ ಒಳಗೆ ನುಗ್ಗಿದ್ದಾರೆ ಅಂದುಕೊಂಡು ಕೊಡೆ ಎತ್ತಿದರು.

ಚಾರ್ಮಾಡಿ ಘಾಟಿಯದೇ ಬೇರೆ ಅಧ್ಯಾಯ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ನಾವು ಇಳಿಯೋಕೆ ಶುರುಮಾಡಿದಾಗ ಎಲ್ಲರೂ ಸಂತೋಷವಾಗೇ ಇದ್ದೆವು. ಡ್ರಾಯರುಗಳಿಗೆ ಒಳ್ಳೆಯ ಟೆಲಿಸ್ಕೋಪಿಕ್ ಚಾನೆಲ್ ಹಾಕಿಸಿದ್ದರು ಭಾವ, ಬೆರಳು ತಾಗಿಸಿದರೆ ಜಾರಿಬರುವಂಥದ್ದು. ಮುಚ್ಚಿಕೊಂಡಿರಲಿ ಅಂತ ಮನೆಯ ಕಪಾಟಿಗೆ ಹಾಕುವ ಪುಟ್ಟ ಮ್ಯಾಗ್ನೆಟ್. ಮನೆಯ ಕಪಾಟು ತಿರುವು ತಗೊಳ್ಳೋದಿಲ್ಲ. ಇಲ್ಲಿ ಮೊದಲನೇ ಬಲತಿರುವಿಗೆ ಬಲಬದಿಯ ಡ್ರಾಯರುಗಳು ಸಂದಿ ಬಿಟ್ಟು ನೋಡಿದವು, ಮುಂದಿನ ತಿರುವಿಗೆ ಪೂರ್ತಿ ಮುಚ್ಚಿಕೊಂಡು ಎಡಬದಿಯವಕ್ಕೆ ಸರದಿ ಬಿಟ್ಟುಕೊಟ್ಟವು. ಅಮ್ಮನ ಬೆನ್ನಿಗೆ ಚಮಚಗಳ ಡ್ರಾಯರ್, ನನ್ನ ಮೊಣಕೈಗೆ ಅಕ್ಕಿಯದು. ಅಕ್ಕ ಎರಡೂ ಕೈ ಚಾಚಿ, ಒಂದು ಕಾಲು ಒತ್ತಿ, ಮೂರನ್ನು ತಡೆದಿದ್ದಳು. "ರೀ, ನಿಧಾನ!" ಅಂತ ಅವಳು ಕೂಗೋದು, "ಇದಕ್ಕಿಂತ ನಿಧಾನ ಅಂದ್ರೆ ನಿಲ್ಲಿಸೋದೇ!" ಅಂತ ಭಾವ ಕೂಗೋದು. ಹಿಂದೆ ಬಸ್ಸಿನವನ ಹಾರ್ನು ಬೇರೆ.

ಕೆಳಗಿಳಿದು ಒಗ್ಗರಣೆ ಡಬ್ಬಿ ತೆರೆದರೆ ಸಾಸಿವೆ, ಜೀರಿಗೆ, ಮೆಂತ್ಯ, ಅರಿಶಿನ ಎಲ್ಲ ಒಂದಾಗಿದ್ದವು. ಅಮ್ಮ ಮುಚ್ಚಳದ ಕೆಳಗೆ ಬಟ್ಟೆ ಮಡಿಸಿ ಒತ್ತಿಟ್ಟೇ ಬಂದಿದ್ದರಂತೆ. ಆ ಬಟ್ಟೆಯನ್ನು, ಡಬ್ಬಿ ಎತ್ತರವಾಗಿ ಡ್ರಾಯರಿಗೆ ತಾಗುತ್ತೆ ಅಂತ ತೆಗೆದಿದ್ದು ಯಾರು ಅನ್ನೋದು ಎಕ್ಸೆಲ್ ಹಾಳೆಯಲ್ಲಿ ಇರಲಿಲ್ಲ. ಉಜಿರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಹುಡುಕಿ ಪ್ರತಿ ಡ್ರಾಯರಿಗೂ ಚಿಲಕ ಹಾಕಿಸಿದೆವು. ನಮ್ಮಜ್ಜಿಯ ಕಾಲದ ದನದ ಕೊಟ್ಟಿಗೆಗೆ ಇದ್ದಂಥದ್ದೇ ಚಿಲಕ. ಇವತ್ತಿಗೂ ಗಟ್ಟಿಯಾಗಿವೆ.

ರಾತ್ರಿ ಮರವಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ನೋಡೋಕೆ ಬಂದದ್ದೇ ಅದನ್ನ. ಆದರೆ ಜೂನ್ ಮೊದಲ ವಾರದ ಮಳೆ ಧೋ ಅಂತ ಸುರಿಯೋಕೆ ಶುರುಮಾಡಿತು, ಅಪ್ಪನ ಬಿಪಿ ಮಾತ್ರೆ ಬೇಕಾಯಿತು. ಮಾತ್ರೆಯ ಡಬ್ಬಿ ಮಂಚದ ಕೆಳಗಿನ ದೊಡ್ಡ ಗೂಡಿನಲ್ಲಿ. ಆ ಗೂಡಿಗೆ ದಾರಿ ಎರಡು: ಹಾಸಿಗೆ ಎತ್ತಿ ಒಳಗಿಂದ, ಇಲ್ಲವೇ ಹಿಂಬಾಗಿಲು ತೆರೆದು ಹೊರಗಿಂದ. ಹಾಸಿಗೆ ಮೇಲೆ ಮಕ್ಕಳು ಆಗಷ್ಟೇ ನಿದ್ದೆ ಹೋಗಿದ್ದರು. ಹೊರಗಿಂದ ಹೋಗೋಣ ಅಂದರೆ ಕೊಡೆ ಬೇಕು. ಹಾಸನದ ಗಲಾಟೆಯ ನಂತರ ಅಪ್ಪನ ಕೈಗೆ ಸಿಗದಿರಲಿ ಅಂತ ಅಕ್ಕ ಕೊಡೆಯನ್ನು ಇಟ್ಟದ್ದು ಅದೇ ಗೂಡಿನೊಳಗೆ. ಭಾವ ತಲೆಗೆ ಪಾತ್ರೆ ಕವುಚಿಕೊಂಡು ಇಳಿದರು. ತೊಪ್ಪೆಯಾಗಿ ವಾಪಸ್ ಬಂದಾಗ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಮಡಚಿದ ಕೊಡೆ.

ವಾಪಸ್ ಹೊರಡುವಾಗಲಾದರೂ ಹಗುರಾಗಬೇಕಿತ್ತು. ಅಕ್ಕಿ ಖರ್ಚಾಗಿತ್ತು, ನೀರಿನ ಕ್ಯಾನು ಖಾಲಿಯಾಗಿತ್ತು, ಅಷ್ಟಕ್ಕೇ ಇಪ್ಪತ್ತು ಕೆಜಿ ಇಳಿದಿತ್ತು. ಆದರೆ ಕುಂದಾಪುರದ ಕಡೆ ಅಪ್ಪನ ಸೋದರತ್ತೆ ಮಗನ ಮನೆಯಿದೆ. ಅವರ ಹಿತ್ತಿಲಲ್ಲಿ ಹಲಸಿನ ಮರವಿದೆ. ಬರಿಗೈಲಿ ಯಾರನ್ನೂ ಕಳಿಸುವ ಪದ್ಧತಿ ಆ ಮನೆಯಲ್ಲಿಲ್ಲ.

ಹಣ್ಣು ಯಾವ ಗೂಡಿಗೂ ಹಿಡಿಸಲಿಲ್ಲ. ನೆಲದಲ್ಲಿಟ್ಟರೆ ಉರುಳಿತು, ಹಾಸಿಗೆ ಮೇಲಿಡೋಕೆ ಅಕ್ಕ ಬಿಡಲಿಲ್ಲ. ಕೊನೆಗೆ ಅದಕ್ಕೆ ಗೋಣಿಚೀಲ ಸುತ್ತಿ, ನನ್ನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ನನ್ನನ್ನು ಕುಂದಾಪುರದ ಬಸ್ ನಿಲ್ದಾಣದಲ್ಲಿ ಇಳಿಸಿದರು. "ನೀನು ಬಸ್ಸಲ್ಲಾದ್ರೂ ಬರಬಲ್ಲೆ ಕಣೋ, ಅದು ಬರುತ್ತಾ?" ಅಂದರು ಅಮ್ಮ. ವಾದ ಮಾಡುವಂತಿರಲಿಲ್ಲ.

ಬೆಳಗ್ಗೆ ಮನೆ ಮುಟ್ಟಿದಾಗ ಭಾವ ಆಗಲೇ ಟೇಪು ಹಿಡಿದು ವ್ಯಾನಿನೊಳಗೆ ಮಂಡಿಯೂರಿದ್ದರು. ಮುಂದಿನ ಸಲಕ್ಕೆ ಹಲಸಿನ ಹಣ್ಣಿಗೇ ಅಂತ ಮಡಚುವ ಬುಟ್ಟಿಯೊಂದನ್ನು ಚಾವಣಿಗೆ ನೇತುಹಾಕಿಸ್ತಾರಂತೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದು ಮಡಚಿರುವಾಗ ಮೇಲೆ ಎಷ್ಟು ಜಾಗ ಉಳಿಯುತ್ತೆ, ಅಳಿಯಂದ್ರೇ?"