ವಿಳಾಸ ಸರಿ, ಮೀನು ಬೇರೆ

1937ರಲ್ಲೇ ನಿರ್ವಂಶವಾಯಿತೆಂದು ಘೋಷಿಸಿದ್ದ ಮೀನು ಇಪ್ಪತ್ತು ವರ್ಷಗಳ ನಂತರ ತೊರೆಯೊಂದರಲ್ಲಿ ಈಜುತ್ತಿದ್ದರೆ ಯಾವ ಸರ್ಕಾರ ತಾನೇ ಹಿಗ್ಗುವುದಿಲ್ಲ? ಅಮೆರಿಕದ ಕೊಲೊರಾಡೊದಲ್ಲಿ ಗ್ರೀನ್‌ಬ್ಯಾಕ್ ಕಟ್‌ಥ್ರೋಟ್ ಟ್ರೌಟ್ ಹೀಗೆ ಮರುಜನ್ಮ ಪಡೆಯಿತು. ಅದಕ್ಕಾಗಿ ಯೋಜನೆ ಬಂತು, ಅನುದಾನ ಬಂತು, ಮರಿಗಳನ್ನು ಸಾಕಿ ಸಾಕಿ ತೊರೆಗಳಿಗೆ ಬಿಟ್ಟರು. 1994ರಲ್ಲಿ ರಾಜ್ಯ ಮೀನಿನ ಪಟ್ಟವೂ ಆಯಿತು.

ಗುರುತು ಹಿಡಿಯುತ್ತಿದ್ದುದು ಹೇಗೆ? ಮೈಮೇಲಿನ ದೊಡ್ಡ ದುಂಡು ಚುಕ್ಕೆಗಳನ್ನು ನೋಡುತ್ತಿದ್ದರು, ಪಕ್ಕೆಯ ಹುರುಪೆಗಳನ್ನು ಎಣಿಸುತ್ತಿದ್ದರು. ಎಣಿಸಿದವರು ದಡ್ಡರಲ್ಲ, ರಾಕಿ ಪರ್ವತದ ಪಶ್ಚಿಮ ಇಳಿಜಾರಿನ ಕೊಲೊರಾಡೊ ನದಿಯ ಟ್ರೌಟ್ ನೋಡಲು ಅದರ ಅವಳಿಯಂತೆಯೇ ಇದೆ. ಹಾಗಾಗಿ ಕೊನೆಗೆ ತೀರ್ಪು ಕೊಡುತ್ತಿದ್ದುದು ವಿಳಾಸ. ಪೂರ್ವ ಇಳಿಜಾರಿನಲ್ಲಿ ಸಿಕ್ಕಿದರೆ ಗ್ರೀನ್‌ಬ್ಯಾಕ್, ಆಚೆ ಸಿಕ್ಕಿದರೆ ಅಲ್ಲ. ಆದರೆ ನೂರು ವರ್ಷಗಳ ಹಿಂದೆ ಆ ಕಡೆಯ ಮೀನುಗಳನ್ನು ಹೊತ್ತು ತಂದು ಈ ಕಡೆ ಸುರಿದವರೂ ಮನುಷ್ಯರೇ ತಾನೆ! ಅದು ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

2007ರಲ್ಲಿ ಡಿಎನ್ಎ ಪರೀಕ್ಷೆ ನಡೆಯಿತು. ಅಪ್ಪಟವೆಂದು ಕಾಪಾಡಿದ್ದ ಒಂಬತ್ತು ನೆಲೆಗಳಲ್ಲಿ ಐದರ ಮೀನು ಪಶ್ಚಿಮದ ವಲಸಿಗರು! ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರಲ್ಲ, ಹಾಗೆ. ಉಳಿದ ನಾಲ್ಕಾದರೂ ಅಸಲಿ ಎಂಬ ಸಮಾಧಾನ 2012ರವರೆಗೆ ಬಾಳಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಿಡಿದು ಮದ್ಯಸಾರದ ಜಾಡಿಗಳಲ್ಲಿ ಇಟ್ಟಿದ್ದ ಮೀನುಗಳನ್ನು ಸಂಗ್ರಹಾಲಯಗಳಿಂದ ಹೊರತೆಗೆದು, ಚೂರು ಮಾಂಸದಿಂದ ಡಿಎನ್ಎ ಹೆಕ್ಕಿದಾಗ ಆ ಸಮಾಧಾನವೂ ಉರುಳಿತು. ಅಸಲಿ ಗ್ರೀನ್‌ಬ್ಯಾಕ್ ಉಳಿದಿದ್ದುದು ಒಂದೇ ಕಡೆ: ಬೇರ್ ಕ್ರೀಕ್ ಎಂಬ ಕಿರುತೊರೆಯಲ್ಲಿ, ಸುಮಾರು 750 ಮೀನುಗಳು.

ಬೇರ್ ಕ್ರೀಕ್ ಇರುವುದು ಅರ್ಕನ್ಸಾ ನದಿಯ ಜಲಾನಯನದಲ್ಲಿ, ಮೀನಿನ ತವರು ಸೌತ್ ಪ್ಲ್ಯಾಟ್ ಎಂಬ ಬೇರೊಂದು ನದಿಯ ಜಲಾನಯನ. 1880ರ ದಶಕದ ಸುಮಾರಿಗೆ ಪೈಕ್ಸ್ ಪೀಕ್ ಶಿಖರ ಹತ್ತುವ ಪ್ರವಾಸಿಗರಿಗೆ ವಸತಿಗೃಹ ನಡೆಸಲು ಹೊರಟವನೊಬ್ಬ ಗಾಳ ಹಾಕುವವರ ಖುಷಿಗೆಂದು ತಂದು ಬಿಟ್ಟ ಮೀನುಗಳ ಸಂತತಿಯಂತೆ ಇದು. ಸಂರಕ್ಷಣಾ ಇಲಾಖೆ ದಶಕಗಟ್ಟಲೆ ಮಾಡಲಾಗದ ಕೆಲಸವನ್ನು ವ್ಯಾಪಾರಿಯೊಬ್ಬ ಗಿರಾಕಿಗಳನ್ನು ಸೆಳೆಯುವ ಭರದಲ್ಲಿ ಮಾಡಿ ಮುಗಿಸಿದ್ದ. ಅನುದಾನ ಕೇಳಿರಲಿಲ್ಲ.

ಇಲಾಖೆ ಮತ್ತೆ ಮೊದಲಿನಿಂದ ಶುರು ಮಾಡಿತು. 2022ರಲ್ಲಿ ಹರ್ಮನ್ ಗಲ್ಚ್ ತೊರೆಯಲ್ಲಿ ಅಸಲಿ ಮೀನು ತಾನಾಗಿ ಮರಿ ಮಾಡುತ್ತಿದೆ ಎಂಬ ಸುದ್ದಿ ಹೊರಬಿತ್ತು. ಇಷ್ಟೆಲ್ಲ ಆದರೂ ರಾಜ್ಯ ಮೀನಿನ ಕಾನೂನಿಗೆ ತಿದ್ದುಪಡಿ ಬೇಕಾಗಲಿಲ್ಲ. ಹೆಸರು ಅದೇ ಇತ್ತು. ಮೀನನ್ನು ಬದಲಾಯಿಸಿದರೆ ಸಾಕಾಯಿತು.