ತೂಕ ಇಳಿಸಿದವರ ಹಸಿವಿನ ಬಗ್ಗೆ ಹರಿದಾಡುತ್ತಿರುವ ಸಂದೇಶ: ಸ್ಪಷ್ಟನೆ

‘ತೂಕ ಇಳಿಸಿ ಮೂರು ತಿಂಗಳು ತಡೆದುಕೊಂಡರೆ ಹಸಿವು ತಾನಾಗಿ ಸತ್ತುಹೋಗುತ್ತದೆ, ಆಮೇಲೂ ಹಸಿದರೆ ಅದು ಬಾಯಿಚಪಲ, ರಾತ್ರಿ ಬರೀ ಗಂಜಿ ಕುಡಿಯಿರಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಇದು ತಪ್ಪು.

ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10 ವಾರಗಳ ಕಟ್ಟುನಿಟ್ಟಿನ ಪಥ್ಯದಿಂದ ಜನ ಸರಾಸರಿ 13 ಕಿಲೋಗೂ ಹೆಚ್ಚು ಇಳಿದಿದ್ದರು. ಒಂದು ವರ್ಷ ಕಳೆದ ಮೇಲೂ ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಮೊದಲಿಗಿಂತ ಹೆಚ್ಚೇ ಇತ್ತು, ಹಸಿವು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯೇ ಇತ್ತು. ಅವರಿಗೆ ಹಸಿವೂ ಮೊದಲಿಗಿಂತ ಜಾಸ್ತಿಯಾಗುತ್ತಿತ್ತು. ಇದರಲ್ಲಿ ಚಪಲದ ಮಾತೆಲ್ಲಿ ಬಂತು?

ಗಂಜಿಯ ಸಲಹೆ ಇನ್ನೂ ಕೆಟ್ಟದ್ದು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತಕ್ಕಡಿ ಅದನ್ನು ತೋರಿಸುವುದಿಲ್ಲ. ಮೆಟ್ಟಿಲು ಹತ್ತುವಾಗ ತೊಡೆಗೆ ಗೊತ್ತಾಗುತ್ತದೆ. ಸ್ನಾಯು ಉಳಿಯಲು ಭಾರ ಎತ್ತುವಂಥ ವ್ಯಾಯಾಮ ಬೇಕು, ಪ್ರೋಟೀನ್ ಬೇಕು. ಬರೀ ಗಂಜಿಯಿಂದ ಅದು ಸಾಕಷ್ಟು ಸಿಗುವುದಿಲ್ಲ. ರಾತ್ರಿಯ ತಟ್ಟೆಯಲ್ಲಿ ಹೆಸರುಕಾಳಿನ ಉಸಲಿ, ಮೊಟ್ಟೆ, ಗಟ್ಟಿ ಮೊಸರು ಏನಾದರೂ ಇರಲಿ. ಹೊಟ್ಟೆಯೂ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.