ಒಂಬೈನೂರು ಕುದುರೆ, ತಳ್ಳೋಕೆ ಒಂದು ಟ್ರಕ್ಕು

ನಮ್ಮೂರಿನ ಹಳೇ ಸರ್ಕಾರಿ ಬಸ್ಸಿಗೂ ಅಮೆರಿಕದ ಸ್ಪ್ರಿಂಟ್ ಕಾರು ಅನ್ನೋ ರೇಸ್ ಕಾರಿಗೂ ಒಂದು ಹೋಲಿಕೆ ಇದೆ. ಎರಡನ್ನೂ ತಳ್ಳಬೇಕು.

ಕಳೆದ ಬೇಸಿಗೆಯಲ್ಲಿ ಇಂಡಿಯಾನಾದಲ್ಲಿರುವ ಬಾಮೈದನ ಮನೆಗೆ ಹೋಗಿದ್ದೆ. ಒಂದು ಶನಿವಾರ ಸಂಜೆ "ಬನ್ನಿ ಭಾವ, ರೇಸ್ ತೋರಿಸ್ತೀನಿ" ಅಂದ. ಟಿವಿಯಲ್ಲಿ ಬರುವ ಫಾರ್ಮುಲಾ ಒನ್ ಥರ ಇರುತ್ತೆ ಅಂದುಕೊಂಡು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟೆ. ಹೋಗಿ ನೋಡಿದರೆ ಜೋಳದ ಹೊಲಗಳ ಮಧ್ಯೆ ಕಾಲು ಮೈಲಿಯ ಮಣ್ಣಿನ ಟ್ರ್ಯಾಕು. ಟ್ಯಾಂಕರ್ ಬಂದು ಅದಕ್ಕೆ ನೀರು ಹೊಡೆಯುತ್ತಿತ್ತು. ಮೊದಲ ಓಟ ಮುಗಿಯುವಷ್ಟರಲ್ಲಿ ನನ್ನ ಅಂಗಿ ನೋಡಿದವರು, ಕಂಬಳದಲ್ಲಿ ಕೋಣ ಓಡಿಸಿ ಬಂದಿದ್ದಾನೆ ಅನ್ನಬೇಕು, ಹಾಗಾಗಿತ್ತು.

ಅಲ್ಲಿ ಓಡೋ ಸ್ಪ್ರಿಂಟ್ ಕಾರಿನ ವಿಷಯ ಕೇಳಿ. ಡ್ರೈವರ್ ಕೂತರೂ ತೂಕ ಸುಮಾರು 640 ಕೆಜಿ. ನಮ್ಮ ಆಲ್ಟೊಗಿಂತ ಹಗುರ. ಎಂಜಿನ್ ಶಕ್ತಿ ಮಾತ್ರ 900 ಅಶ್ವಶಕ್ತಿಯ ಆಸುಪಾಸು. ಕುಡಿಯೋದು ಮೆಥನಾಲ್. ಹಿಂದಿನ ಬಲಗಡೆ ಚಕ್ರ ಎಡಗಡೆಯದಕ್ಕಿಂತ ದೊಡ್ಡದು, ಯಾಕಂದ್ರೆ ಈ ಕಾರು ಹುಟ್ಟಿರೋದೇ ಎಡಕ್ಕೆ ತಿರುಗೋದಕ್ಕೆ. ಇಷ್ಟೆಲ್ಲ ಇದ್ದೂ ಅದಕ್ಕೆ ಸ್ಟಾರ್ಟರ್ ಇಲ್ಲ, ಕ್ಲಚ್ಚೂ ಇಲ್ಲ. ಹಿಂದೆ ಒಂದು ಪಿಕಪ್ ಟ್ರಕ್ ಬಂದು ಮೂತಿ ಇಟ್ಟು ತಳ್ಳುತ್ತೆ. ಸ್ವಲ್ಪ ದೂರ ಉರುಳಿ, ಒಂದು ಸಲ ಕೆಮ್ಮಿ, ಆಮೇಲೆ ಕಿವಿ ಹರಿಯೋ ಹಾಗೆ ಅರಚುತ್ತೆ. ಮಧ್ಯೆ ಗಿರಕಿ ಹೊಡೆದು ನಿಂತರೆ ಮತ್ತೆ ಟ್ರಕ್ ಬರಬೇಕು. ಆ ರಾತ್ರಿ ಅತಿ ಹೆಚ್ಚು ಸುತ್ತು ಹೊಡೆದದ್ದು ಟ್ರಕ್ಕೇ ಇರಬೇಕು.

"ಒಂದು ಎಂಜಿನ್ ಎಷ್ಟಪ್ಪಾ?" ಅಂತ ಕೇಳಿದೆ. "ಒಳ್ಳೇದು ಬೇಕಂದ್ರೆ ಅರವತ್ತು ಎಪ್ಪತ್ತು ಸಾವಿರ ಡಾಲರ್ ಭಾವ." "ಗೆದ್ದವನಿಗೆ?" "ಇವತ್ತು ಮೂರು ಸಾವಿರ." ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಅನ್ನೋದನ್ನು ಕೇಳಿದ್ದೆ. ಇಲ್ಲಿ ಒಂಬೈನೂರು ಕುದುರೆ, ಹುಲ್ಲಿನ ಲೆಕ್ಕ ನೀವೇ ಹಾಕಿಕೊಳ್ಳಿ. ಮಧ್ಯದಲ್ಲಿ ಫಿಫ್ಟಿ-ಫಿಫ್ಟಿ ಅಂತ ಲಾಟರಿ ಚೀಟಿ ಮಾರಿದರು. ಬಂದ ದುಡ್ಡಿನಲ್ಲಿ ಅರ್ಧ ಚೀಟಿ ಎದ್ದವರಿಗೆ. ನಮ್ಮ ಮುಂದಿನ ಸಾಲಿನಲ್ಲಿ ಸ್ವೆಟರ್ ಹೆಣೆಯುತ್ತಾ ಕೂತಿದ್ದ ಅಜ್ಜಿಗೆ ಹೊಡೆಯಿತು. ಪ್ರಾಣ ಒತ್ತೆ ಇಟ್ಟು ಎರಡನೇ ಸ್ಥಾನಕ್ಕೆ ಬಂದ ಹುಡುಗನಿಗಿಂತ ಅಜ್ಜಿಗೇ ಜಾಸ್ತಿ ಸಿಕ್ಕಿತು. ಅಜ್ಜಿಗೆ ಟೈರ್ ಖರ್ಚೂ ಇಲ್ಲ.

ಈ ಆಟ ಸಾಯ್ತಾ ಇದೆ ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಸಾಯೋ ಆಟಕ್ಕೆ ಉದ್ಧಾರಕರು ಜಾಸ್ತಿ. ಒಂದು ಕಾಲದಲ್ಲಿ ಅಮೆರಿಕದ ಹೆಸರಾಂತ ಕಾರ್ ರೇಸ್ ಇಂಡಿಯಾನಾಪೊಲಿಸ್ 500ಕ್ಕೆ ದಾರಿ ಇದೇ ಕೆಸರಿನಿಂದ ಹೋಗುತ್ತಿತ್ತು. ಅದನ್ನು ಗೆದ್ದ ಎ.ಜೆ. ಫಾಯ್ಟ್, ಮಾರಿಯೋ ಆಂಡ್ರೆಟ್ಟಿ ಎಲ್ಲ ಇಲ್ಲಿ ಮಣ್ಣು ತಿಂದವರೇ. ಆಮೇಲೆ ಆ ದಾರಿ ಮುಚ್ಚಿತು. 1996ರಲ್ಲಿ ಇಂಡಿಯಾನಾಪೊಲಿಸ್ ಟ್ರ್ಯಾಕಿನ ಯಜಮಾನ ಟೋನಿ ಜಾರ್ಜ್ "ನಮ್ಮ ಹಳ್ಳಿ ಹುಡುಗರಿಗೆ ಅವಕಾಶ" ಅಂತ, ಇದ್ದ ಲೀಗಿಗೆ ಎದುರಾಗಿ ಬೇರೆ ಲೀಗ್ ಓಡಿಸೋಕೆ ಶುರು ಮಾಡಿದ. ಹಳ್ಳಿ ಹುಡುಗ ಟೋನಿ ಸ್ಟೀವರ್ಟ್ ಬಂದ, 1997ರಲ್ಲಿ ಚಾಂಪಿಯನ್ ಆದ, ಸ್ವಲ್ಪ ದಿನಕ್ಕೆ ನಾಸ್ಕಾರ್ ಅನ್ನೋ ಇನ್ನೊಂದು ಥರದ ಕಾರ್ ರೇಸಿಗೆ ಹೊರಟುಹೋದ. ಎರಡಾದ ಲೀಗು ಮತ್ತೆ ಒಂದಾಗೋಕೆ 2008 ಬರಬೇಕಾಯಿತು. ಹೊರದೇಶದಲ್ಲಿ ಕನ್ನಡ ಸಂಘ ಒಡೆದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ಅಧ್ಯಕ್ಷರು, ಎರಡು ರಾಜ್ಯೋತ್ಸವ, ಬಿಸಿಬೇಳೆಬಾತ್ ಮಾಡೋನು ಒಬ್ಬನೇ.

ಈಗಿನ ಕಥೆ ಇನ್ನೂ ಚೆನ್ನಾಗಿದೆ. 1978ರಿಂದ ವರ್ಲ್ಡ್ ಆಫ್ ಔಟ್‌ಲಾಸ್ ಅಂತ ಸ್ಪ್ರಿಂಟ್ ಕಾರುಗಳ ಒಂದು ದೊಡ್ಡ ಸರಣಿ ನಡೀತಿದೆ. ಬ್ರಾಡ್ ಸ್ವೀಟ್ ಅದರಲ್ಲಿ 2019ರಿಂದ 2023ರವರೆಗೆ ಸತತ ಐದು ಸಲ ಚಾಂಪಿಯನ್. ಐದನೆಯದು ಮುಗಿದದ್ದೇ ಆತ ಅದನ್ನು ಬಿಟ್ಟು, ತನ್ನದೇ ಪಾಲಿದ್ದ ಎದುರು ಅಂಗಡಿಗೆ ಪೂರ್ತಿ ಹೊರಟುಹೋದ. ಅಂಗಡಿ ಅಂದ್ರೆ ಪೈಪೋಟಿಯ ರೇಸ್ ಸರಣಿ, ಹೆಸರು ಹೈ ಲಿಮಿಟ್. ಪಾಲುದಾರ ಯಾರು ಅಂತೀರಿ? ಅವನ ತಂಗಿಯ ಗಂಡ, ನಾಸ್ಕಾರ್ ಚಾಂಪಿಯನ್ ಕೈಲ್ ಲಾರ್ಸನ್. ಇಬ್ಬರೂ ಸೇರಿ ಟೋನಿ ಸ್ಟೀವರ್ಟ್ ಕೈಲಿದ್ದ ಆಲ್ ಸ್ಟಾರ್ ಸರಣಿಯನ್ನೂ ಕೊಂಡು 2024ರಿಂದ ದೇಶ ಸುತ್ತೋಕೆ ಶುರು ಮಾಡಿದರು. ಭಾವ-ಬಾಮೈದರ ಪಾಲುದಾರಿಕೆ ಬಗ್ಗೆ ನಾನು ಏನೂ ಹೇಳಲ್ಲ. ನಾನೂ ಇದೇ ಬಾಮೈದನೂ ಸೇರಿ ಹಿಂದೊಮ್ಮೆ ಬೆಣ್ಣೆದೋಸೆ ಹೋಟೆಲ್ ಇಟ್ಟು ಆರು ತಿಂಗಳು ಮಾತು ಬಿಟ್ಟಿದ್ದೆವು.

ಡ್ರೈವರುಗಳಿಗೆ ಲಾಭ ಆಯಿತು, ಅದನ್ನು ಒಪ್ಪಬೇಕು. ಇಬ್ಬರು ಕರೆಯೋಕೆ ನಿಂತರೆ ಬಹುಮಾನ ಏರುತ್ತೆ. ಆದರೆ ಏರಿದ್ದು ಮೇಲಿನವರಿಗೆ. ಓಹಾಯೊದ ಎಲ್ಡೋರಾದಲ್ಲಿ 2023ರಲ್ಲಿ ಒಂದೇ ರೇಸಿಗೆ 10,02,023 ಡಾಲರ್ ಕೊಟ್ಟರು, ಲೋಗನ್ ಶೂಕಾರ್ಟ್ ಗೆದ್ದುಕೊಂಡ. ಇಸವಿಯನ್ನೇ ಮೊತ್ತದ ಬಾಲಕ್ಕೆ ಅಂಟಿಸಿದ್ದು. ನಮ್ಮ ಮದುವೆ ಮುಯ್ಯಿಗೆ 1 ರೂಪಾಯಿ ಸೇರಿಸ್ತೀವಲ್ಲ, ಇವರು 2,023 ಸೇರಿಸಿದರು. ಆ ಬಾಲದಷ್ಟು ಸಿಕ್ಕರೂ ಸಾಕು ಅನ್ನೋರು ನಾನು ನೋಡಿದ ಟ್ರ್ಯಾಕಿನಲ್ಲಿ ಬೇಕಾದಷ್ಟು ಜನ ಇದ್ದರು.

ಟ್ರ್ಯಾಕುಗಳ ಗತಿ ಬೇರೆ. ಸ್ಪ್ರಿಂಟ್ ಕಾರಿನ ಚಿಕ್ಕ ತಮ್ಮನಂಥ ಮಿಜೆಟ್ ಕಾರುಗಳ ಟರ್ಕಿ ನೈಟ್ ರೇಸನ್ನೇ ನೋಡಿ. 1934ರಲ್ಲಿ ಲಾಸ್ ಏಂಜಲಿಸ್‌ನ ಗಿಲ್ಮೋರ್ ಸ್ಟೇಡಿಯಮ್ಮಿನಲ್ಲಿ ಶುರುವಾಯಿತು. ಆ ಜಾಗ ಟಿವಿ ಸ್ಟುಡಿಯೊ ಆಯಿತು. ಆಮೇಲೆ ರೇಸು ಆಸ್ಕಾಟ್ ಪಾರ್ಕಿಗೆ ಹೋಯಿತು, ಆ ಟ್ರ್ಯಾಕು 1990ರಲ್ಲಿ ಮುಚ್ಚಿತು. ಮುಂದೆ ಇರ್ವಿಂಡೇಲ್‌ನಲ್ಲೂ ಕೆಲವು ವರ್ಷ ಇತ್ತು, ಆ ಟ್ರ್ಯಾಕಿಗೂ 2024ರ ಡಿಸೆಂಬರ್‌ನಲ್ಲಿ ಬೀಗ ಬಿತ್ತು. ಪಾಪ, ಓನರ್ ಕಾಟಕ್ಕೆ ಮನೆ ಬದಲಾಯಿಸುತ್ತಲೇ ಇರೋ ಬಾಡಿಗೆದಾರನ ಥರ ಈ ರೇಸು ಟ್ರಂಕು ಹೊತ್ತು ತಿರುಗಿದೆ.

ಇನ್ನು ಉಳಿದ ಟ್ರ್ಯಾಕುಗಳಿಗೆ ಅಕ್ಕಪಕ್ಕದವರ ಕಾಟ. ಟ್ರ್ಯಾಕ್ ಪಕ್ಕ ಅಂತ ಮನೆ ಅಗ್ಗಕ್ಕೆ ಸಿಗುತ್ತೆ. ಗೃಹಪ್ರವೇಶ ಮಾಡಿ ಮುಂದಿನ ಶನಿವಾರವೇ "ಇದೇನ್ರೀ ಸದ್ದು" ಅಂತ ದೂರು. ಟ್ರ್ಯಾಕು ಇವರ ಅಪ್ಪ ಹುಟ್ಟೋಕೆ ಮುಂಚಿಂದ ಅಲ್ಲೇ ಇತ್ತು ಅಲ್ವಾ? ಕೆರೆ ನೋಟದ ಫ್ಲಾಟ್ ಕೊಂಡು ಸೊಳ್ಳೆ ಅಂತ ಅಳೋ ಬೆಂಗಳೂರಿನವರು ಇವರಿಗೆ ದೂರದ ನೆಂಟರಿರಬೇಕು.

ಜನ ಯಾಕೆ ಕಡಿಮೆ ಅಂತ ಯೋಚಿಸುತ್ತಾ ಪಕ್ಕಕ್ಕೆ ತಿರುಗಿದೆ. ನನ್ನ ಪಕ್ಕದಲ್ಲಿ ಟೋಪಿ ಹಾಕಿದ ಒಬ್ಬ ಹಿರಿಯರು. ಟಿಕೆಟ್ ಕೊಟ್ಟು ಒಳಗೆ ಬಂದವರು, ಮೊಣಕಾಲ ಮೇಲೆ ಫೋನ್ ಇಟ್ಟುಕೊಂಡು ಇನ್ಯಾವುದೋ ಊರಿನ ಸ್ಪ್ರಿಂಟ್ ಕಾರ್ ರೇಸ್ ನೋಡುತ್ತಿದ್ದರು. ಔಟ್‌ಲಾಸ್ ನೋಡೋಕೆ ಡರ್ಟ್‌ವಿಷನ್, ಹೈ ಲಿಮಿಟ್ ನೋಡೋಕೆ ಫ್ಲೋರೇಸಿಂಗ್. ಎರಡಕ್ಕೂ ಚಂದಾ ಕಟ್ಟಿದ್ದಾರಂತೆ. ನಮ್ಮ ಮುಂದೆ ಕಾರುಗಳು ಕೊನೇ ಸುತ್ತಿನಲ್ಲಿ ಚಕ್ರಕ್ಕೆ ಚಕ್ರ ತಾಗಿಸಿಕೊಂಡು ಬಂದವು, ಒಂದು ಹೆಂಟೆ ಮಣ್ಣು ಹಾರಿ ಅವರ ಫೋನಿನ ಪರದೆ ಮೇಲೇ ಬಿತ್ತು. ಅವರು ಅದನ್ನು ಅಂಗಿ ತೋಳಿನಿಂದ ಒರೆಸಿ, ತಲೆ ಎತ್ತಿ, "ಯಾರು ಗೆದ್ದರು?" ಅಂತ ಕೇಳಿದರು.

"ಯಾವ ರೇಸು?" ಅಂದ ನನ್ನ ಬಾಮೈದ.